ಕಣ್ಣು ಕಟ್ಟಿಕೊಂಡು ನೋಡಿದ ಮನೆ

ನಾವಿದ್ದ ಸಾಲುಮನೆಗಳ ಚಾಳಿನ ಮಾಲೀಕರ ಮಕ್ಕಳು ಬಂದು ಮನೆ ಖಾಲಿ ಮಾಡಬೇಕು ಎಂದು ಹೇಳಿದಾಗ ನಾನು ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಭಾನುವಾರ, ಚರ್ಚಿನಿಂದ ಬಂದು ಊಟ ಮುಗಿಸಿದ ಹೊತ್ತು. ಅಣ್ಣತಮ್ಮ ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು. ಗೋಡೆಗಳು ಬಿರುಕು ಬಿಟ್ಟಿವೆ, ಇನ್ನೊಂದು ಮಳೆಗಾಲ ತಡೆಯುವುದಿಲ್ಲ, ಕೆಡವಿ ಹೊಸದು ಕಟ್ಟುತ್ತೇವೆ, ಬೇಸಿಗೆ ಮುಗಿಯುವುದರೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿ, ಚಹಾ ಕುಡಿದು ಹೋದರು.

ಅವರ ಚಪ್ಪಲಿಯ ಸಪ್ಪಳ ದೂರವಾದ ಮೇಲೆ ಅತ್ತೆ ಕೇಳಿದರು.

"ಯಾರ ಮನಿ ಕೆಡವ್ತಾರಂತ?"

"ನಮ್ದ ಅತ್ತಿ. ಇಡೀ ಚಾಳ ಕೆಡವ್ತಾರಂತ."

"ಕೆಡವಲಿ. ನಾ ಅಂತೂ ಬರಂಗಿಲ್ಲ."

ಅತ್ತೆಗೆ ಕಣ್ಣು ಹೋಗಿ ಆಗ ಹತ್ತು ವರ್ಷ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದನ್ನು ತೆಗೆದುಕೊಂಡಿತು. ಆದರೂ ಆ ಎರಡು ಕೋಣೆಯ ಮನೆಯಲ್ಲಿ ಅವರಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಮಂಚದಿಂದ ಎದ್ದು ಗೋಡೆ ಸವರುತ್ತ ಬಚ್ಚಲಿಗೆ ಹೋಗುತ್ತಿದ್ದರು, ಒಲೆಯ ಹತ್ತಿರ ಬಂದು ಬೆಂಕಿಪೆಟ್ಟಿಗೆ ಹುಡುಕಿ ಕೊಡುತ್ತಿದ್ದರು, ಹೊಸ್ತಿಲ ಮೇಲೆ ಕೂತು ಓಣಿಯಲ್ಲಿ ಹೋಗುವವರನ್ನು ಹೆಜ್ಜೆಯಿಂದಲೇ ಗುರುತು ಹಿಡಿದು ಕರೆಯುತ್ತಿದ್ದರು. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗ ಮಾವ ಕೈಹಿಡಿದು ಕರೆತಂದದ್ದು ಇದೇ ಮನೆಗೆ. ಮಾವ ಬಟ್ಟೆ ಗಿರಣಿಯ ಕೆಲಸದವರು. ಗಿರಣಿ ಮುಚ್ಚಿದ ದಿನವೂ, ಕೊನೆಯುಸಿರು ಎಳೆದ ದಿನವೂ ಇದ್ದದ್ದು ಇಲ್ಲಿಯೇ. ಚರ್ಚಿನಲ್ಲಿ ಎಲ್ಲವೂ ಮರಾಠಿಯಲ್ಲಿ ನಡೆಯುವುದರಿಂದ, ನಮ್ಮ ಭಾಷೆಯಲ್ಲಿ ಒಂದಿಷ್ಟು ಪ್ರಾರ್ಥನೆ ಆಗಲಿ ಎಂದು ಪ್ರತಿ ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ಕನ್ನಡದವರನ್ನು ಕೂಡಿಸುವ ರೂಢಿ ಹಾಕಿದವರೂ ಅವರೇ. ಅವರು ಹೋದ ಮೇಲೆ ಅದನ್ನು ಅತ್ತೆ ನಡೆಸಿಕೊಂಡು ಬಂದಿದ್ದರು.

ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೇಡಂ. ಮಕ್ಕಳಿಗೆ ತಿಳಿಹೇಳುವ ಚಟ ಮನೆಯಲ್ಲೂ ಬಿಡುವುದಿಲ್ಲ. ಆ ವಾರವೆಲ್ಲ ಅತ್ತೆಯ ಪಕ್ಕ ಕೂತು, ದೇವರು ಹೊರಡು ಎಂದಾಗ ಊರುಕೇರಿ ಬಿಟ್ಟು ಹೊರಟ ಹಳೆಯ ಕಾಲದ ಭಕ್ತರ ಕಥೆ ಹೇಳಿದೆ. ಎಲ್ಲಿಗೆ ಹೋಗುತ್ತೇವೆಂದು ತಿಳಿಯದೆಯೇ ನಡೆದರು, ಗುಡಾರ ಹಾಕಿಕೊಂಡು ಬದುಕಿದರು, ದೇವರು ಕೈಬಿಡಲಿಲ್ಲ ಎಂದೆ. ನನಗೇ ನನ್ನ ಮಾತು ಬಹಳ ಚೆನ್ನಾಗಿ ಕೇಳಿಸಿತು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

"ಅವ್ರಿಗೆ ಕಣ್ಣ ಇದ್ದೂವು, ತಂಗಿ."

ನಾನು ಎದ್ದು ಒಲೆ ಹಚ್ಚಲು ಹೋದೆ.

ಮನೆ ಹುಡುಕಾಟ ಶುರುವಾಯಿತು. ಮಗಳು ದೂರದ ಊರಿನಲ್ಲಿದ್ದಾಳೆ, ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಟವೆಲ್ ಕಾರಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಕೆಲಸಕ್ಕೆ ಹತ್ತಿರವಾಗಲಿ ಎಂದು ಸೊಲ್ಲಾಪುರದಲ್ಲೇ ನೋಡಿದೆವು. ಕೆಲವು ಮನೆಗಳಿಗೆ ಮೆಟ್ಟಿಲು ಬಹಳ, ಕೆಲವಕ್ಕೆ ಬಚ್ಚಲು ಹೊರಗೆ. ಎರಡು ಕಡೆ ಎಲ್ಲ ಸರಿಹೋಗಿ, ನಾವು ಕ್ರೈಸ್ತರು ಅಂದಕೂಡಲೇ "ತಿಳಿಸ್ತೀವಿ" ಎಂದರು. ಏನೂ ತಿಳಿಸಲಿಲ್ಲ.

ಕೊನೆಗೆ ಒಂದು ಒಳ್ಳೆಯ ಮನೆ ಸಿಕ್ಕಿತು. ಮೊದಲನೇ ಮಹಡಿ, ಆದರೆ ಮೆಟ್ಟಿಲು ಅಗಲ, ಹಿಡಿದುಕೊಳ್ಳಲು ಗಟ್ಟಿ ಕಂಬಿ. ಒಳಗೇ ಬಚ್ಚಲು, ದಿನಾ ನೀರು. ಮಾಲೀಕರು ನಿವೃತ್ತರು, ಮೃದು ಮಾತಿನವರು.

"ನನಗೇನೂ ಅಡ್ಡಿಲ್ರಿ ಬಾಯಾರ," ಅಂದರು. "ಆದ್ರ ಕೆಳಗಿನ ಮನಿಯವ್ರು ಕೇಳ್ತಾರ. ಹಾಡೂದು, ಮಂದಿ ಕೂಡೂದು ಅಷ್ಟು ಬ್ಯಾಡ. ಬಾಗಿಲಿಗೆ ಶಿಲುಬಿ ಹಚ್ಚಬ್ಯಾಡ್ರಿ. ಯಾರರ ಕೇಳಿದ್ರ ಏನರ ಒಂದು ಹೇಳ್ರಿ. ನಿಮ್ಮ ಹೆಸರು ಕೇಳಿದ್ರ ಕ್ರೈಸ್ತರಂತ ತಿಳಿಯೂದಿಲ್ಲ."

ನನ್ನ ಗಂಡ ನನ್ನ ಮುಖ ನೋಡಿದರು. ಮೆಟ್ಟಿಲಿಳಿಯುವಾಗ ಅಂದರು, "ಒಪ್ಪಿಬಿಡೂಣು. ದೇವ್ರು ಮನಸಿನ್ಯಾಗ ಇರ್ತಾನ. ಶಿಲುಬಿ ಬಾಗಿಲಿಗೆ ಇದ್ರೇನು, ಟ್ರಂಕಿನ್ಯಾಗ ಇದ್ರೇನು?"

ನಾನೂ ಒಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳು ಓಣಿ ಓಣಿ ತಿರುಗಿ ಕಾಲು ಸೋತಿದ್ದವು. ಆ ಮನೆಯ ನಲ್ಲಿಯ ನೀರು ಕಣ್ಣ ಮುಂದೆ ಬರುತ್ತಿತ್ತು. ನಾಳೆ ಬಂದು ಪಕ್ಕಾ ಮಾಡುತ್ತೇವೆ ಎಂದು ಹೇಳಿ ಬಂದೆವು. ಅತ್ತೆಗೆ ಮನೆ ಸಿಕ್ಕಿತು ಎಂದಷ್ಟೇ ತಿಳಿಸಿದೆವು, ಷರತ್ತು ಹೇಳಲಿಲ್ಲ.

ಆ ಸಂಜೆ ಮೂವರೂ ಪ್ರಾರ್ಥನೆಗೆ ಕೂತೆವು. ಅತ್ತೆ ಎಂದಿನಂತೆ ಎಲ್ಲರ ಹೆಸರು ಹಿಡಿದು ಬೇಡಿಕೊಂಡರು. ಹೋಗುವುದಿಲ್ಲ ಎಂದು ಹಟ ಹಿಡಿದವರು ಅವತ್ತು ಸೋತ ದನಿಯಲ್ಲಿ, ಆದರೆ ಪೂರ್ತಿ ಮನಸ್ಸಿನಿಂದ ಅಂದರು:

"ಸ್ವಾಮಿ, ಆ ಮನಿ ಕೊಟ್ಟ ಮನಷ್ಯಾನ್ನ ಆಶೀರ್ವಾದ ಮಾಡಪ್ಪಾ. ನಮ್ಮ ಹಾಡ ಕೇಳಿ ಅವ್ರ ಮನಿಯವ್ರಿಗೂ ಸಮಾಧಾನ ಆಗಲಿ."

ನಾನು ಕಣ್ಣು ತೆರೆದೆ. ನನ್ನ ಗಂಡನೂ ಕಣ್ಣು ತೆರೆದು ನೆಲ ನೋಡುತ್ತಿದ್ದರು. ನಾವಿಬ್ಬರೂ ಆಮೆನ್ ಅನ್ನಲಿಲ್ಲ. ಅತ್ತೆ ಒಬ್ಬರೇ ಅಂದರು.

ಮರುದಿನ ಶಾಲೆಗೆ ಹೋಗುವ ಮುಂಚೆ ನಾನೊಬ್ಬಳೇ ಆ ಮಾಲೀಕರ ಮನೆಗೆ ಹೋದೆ. ಶುಕ್ರವಾರದ ಪ್ರಾರ್ಥನೆ ನಿಲ್ಲಿಸುವುದು ನಮ್ಮಿಂದ ಆಗುವುದಿಲ್ಲ, ಕೇಳಿದವರಿಗೆ ಸುಳ್ಳು ಹೇಳುವುದೂ ಆಗುವುದಿಲ್ಲ, ಮನೆ ಬೇರೆಯವರಿಗೆ ಕೊಡಿ ಎಂದೆ. ಅವರು ಸಿಟ್ಟಾಗಲಿಲ್ಲ, ಬೆರಗಾದರು.

"ಅಷ್ಟಕ್ಕ ಮನಿ ಬಿಡ್ತೀರೇನ್ರಿ?"

"ಬಿಡ್ತೀವ್ರಿ."

ಹಾಗೆಂದು ಬಸ್ ಸ್ಟ್ಯಾಂಡಿಗೆ ನಡೆಯುವಾಗ ನನಗೆ ದೊಡ್ಡ ಧೈರ್ಯವೇನೂ ಇರಲಿಲ್ಲ. ಮುಂದಿನ ತಿಂಗಳು ಎಲ್ಲಿರುತ್ತೇವೆ ಎನ್ನುವುದೇ ಗೊತ್ತಿರಲಿಲ್ಲ. ಆದರೆ ಒಂದು ಮಾತು ಗಟ್ಟಿಯಾಯಿತು: ಮನೆ ಸಿಗಲಿ ಬಿಡಲಿ, ಇನ್ನು ಯಾರ ಬಾಗಿಲಲ್ಲಿ ನಿಂತರೂ ಮೊದಲ ಮಾತು ನಾವು ಯಾರು ಎನ್ನುವುದೇ. ಆಮೇಲೆ ನೀರಿನ ವಿಚಾರ, ಬಾಡಿಗೆಯ ವಿಚಾರ. ಸಂಜೆ ಗಂಡನಿಗೂ ಅತ್ತೆಗೂ ಷರತ್ತಿನ ಸಮೇತ ಎಲ್ಲ ಹೇಳಿದೆ.

ಶಾಲೆಯಲ್ಲಿ ಅಡಿಗೆ ಮಾಡುವ ಹೆಣ್ಣುಮಗಳು ಅಕ್ಕಲಕೋಟದಲ್ಲಿ ಒಂದು ಮನೆ ಇದೆ ಎಂದಳು. ಊರ ಅಂಚು, ನಾಗಣಸೂರ ಕಡೆಯ ರಸ್ತೆ. ನೋಡಲು ಹೋದೆ. ಕುರಿ ಸಾಕುವ ಮನೆತನ. ಒಂದೇ ಅಂಗಳಕ್ಕೆ ಮುಖ ಮಾಡಿ ಎರಡು ಮನೆ ಕಟ್ಟಿಸಿದ್ದರು. ಒಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಇನ್ನೊಂದು ಖಾಲಿ. ಮಕ್ಕಳು, ಸೊಸೆಯರು ಕುರಿಯ ಹಿಂದೆ ಬೋರಾಮಣಿಯ ಹುಲ್ಲುಗಾವಲಿನ ಕಡೆ ಹೋದವರು ಮಳೆಗಾಲಕ್ಕೇ ತಿರುಗಿ ಬರುವುದು. ಅಜ್ಜಿಯ ಹಣೆಯ ತುಂಬ ಭಂಡಾರದ ಅರಿಶಿನ, ಗೋಡೆಯ ಮೇಲೆ ಕುರಿಗಾರರ ದೇವರು ಬೀರೋಬಾನ ಪಟ.

ನಾನು ನಿಂತಲ್ಲೇ ಹೇಳಿಬಿಟ್ಟೆ. "ಆಯಿ, ನಾವು ಕ್ರೈಸ್ತ ಮಂದಿ. ಶುಕ್ರವಾರಕ್ಕೊಮ್ಮೆ ನಮ್ಮ ಮನ್ಯಾಗ ಹತ್ತು ಮಂದಿ ಕೂಡ್ತಾರ. ಹಾಡ್ತೀವಿ, ಪ್ರಾರ್ಥನಾ ಮಾಡ್ತೀವಿ. ನೀವು ಕೇಳದಿದ್ರೂ ನಾ ಹೇಳಬೇಕು."

ಅಜ್ಜಿ ಅಂಗಳದ ಕಡೆ ಕೈ ತೋರಿಸಿದರು.

"ಮಳಿಗಾಲದಾಗ ಈ ಅಂಗಳ ತುಂಬ ಕುರಿ ಇರ್ತಾವ ಬಾಯಾರ. ವಾಸನಿ ಬರ್ತೈತಿ. ಹಗಲೆಲ್ಲ ಒದರ್ತಾವ. ನೀವು ಕೇಳದಿದ್ರೂ ನಾನೂ ಹೇಳಬೇಕಲ್ಲ?"

ಇಬ್ಬರೂ ನಕ್ಕೆವು. ಅಲ್ಲಿಗೆ ಮುಗಿಯಿತು.

ಮನೆ ಅಂಥದ್ದೇನಲ್ಲ. ಮೇಲೆ ತಗಡು, ನೀರು ದಿನ ಬಿಟ್ಟು ದಿನ. ಬಚ್ಚಲು ಮನೆಯ ಒಳಗೇ ಇತ್ತು, ಆದರೆ ಹಿಂದಿನ ತುದಿಗೆ. ನನ್ನ ಗಂಡನಿಗೆ ಮನಸ್ಸಿರಲಿಲ್ಲ. "ನಾ ದಿನಾ ಇಲ್ಲಿಂದ ಸೊಲ್ಲಾಪುರಕ್ಕ ಹೋಗೂದಾ?" ಎಂದರು.

"ಇಷ್ಟ ವರ್ಷ ನಾ ಅಲ್ಲಿಂದ ಇಲ್ಲಿಗೆ ಬಂದೀನಿ. ಇನ್ನ ಮ್ಯಾಲೆ ನೀವು ಅಡ್ಡಾಡ್ರಿ," ಅಂದೆ. ಅವರು ಮರುದಿನ, ಬೆಳಗಿನ ಬಸ್ಸುಗಳು ಎಷ್ಟೆಷ್ಟು ಹೊತ್ತಿಗಿವೆ ಎಂದು ವಿಚಾರಿಸಿಕೊಂಡು ಬಂದಿದ್ದರು.

ಉಳಿದದ್ದು ಅತ್ತೆ. ಆಗ ನನಗೆ ಒಂದು ಯೋಚನೆ ಬಂತು. ಆ ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಅಕ್ಕಲಕೋಟಕ್ಕೆ ಹೋಗಿ, ಖಾಲಿ ಮನೆಯ ಬೀಗ ತೆಗೆಸಿ, ಸೆರಗಿನಿಂದ ಕಣ್ಣು ಕಟ್ಟಿಕೊಂಡೆ. ಮಂಚ ಹಾಕುವ ಮೂಲೆಯಿಂದ ಬಚ್ಚಲಿನವರೆಗೆ ನಡೆದು ನೋಡೋಣ ಎಂದು.

ನಾಲ್ಕು ಹೆಜ್ಜೆಗೆ ಗೋಡೆಯಿಂದ ಮುಂದೆ ಚಾಚಿದ ಕಲ್ಲು ಹಲಗೆ ಹಣೆಗೆ ಬಡಿಯಿತು. ಒಳಕೋಣೆಯ ಹೊಸ್ತಿಲು ಎಡವಿ ಮೊಣಕಾಲೂರಿದೆ. ಎದ್ದು ನಿಂತಾಗ ಬಾಗಿಲು ಯಾವ ಕಡೆ ಎನ್ನುವುದೇ ಮರೆತುಹೋಯಿತು. ಕೈ ಚಾಚಿದರೆ ಗಾಳಿ. ಹತ್ತಡಿ ಕೋಣೆ ಅದು, ಆದರೂ ಯಾರನ್ನಾದರೂ ಕೂಗಬೇಕೆನಿಸಿತು. ಸೆರಗು ಬಿಚ್ಚಿಬಿಡಬಹುದಿತ್ತು, ಬಿಚ್ಚಲಿಲ್ಲ. ಈ ಭಯ ಪೂರ್ತಿ ತಿಳಿಯಲಿ ಎಂದು ನಿಂತೆ. ಆಗಲೇ ನನಗೆ ನಾಚಿಕೆಯಾದದ್ದು. ಕಾಣದ ದಾರಿಯಲ್ಲಿ ನಡೆಯುವುದೇ ವಿಶ್ವಾಸ ಎಂದು ನಾನು ಯಾರಿಗೆ ಪಾಠ ಹೇಳಿದ್ದೆ? ಹತ್ತು ವರ್ಷದಿಂದ ಬೆಳಗೆದ್ದು ಕಾಣದೆಯೇ ನಡೆಯುತ್ತಿದ್ದವರಿಗೆ. ಆ ಕತ್ತಲಲ್ಲಿ ನಿಂತೇ ನಾನು ಪ್ರಾರ್ಥಿಸಿದೆ. ಉದ್ದ ಪ್ರಾರ್ಥನೆಯಲ್ಲ. ಸ್ವಾಮಿ, ಬಾಗಿಲು ಎಲ್ಲಿದೆ ತೋರಿಸು, ಅಷ್ಟೇ.

"ಬಲಕ್ಕ ಹೊಳ್ರಿ ಬಾಯಾರ," ಎಂದಿತು ಒಂದು ದನಿ. ಅಜ್ಜಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಮೊದಲು ನಕ್ಕರಂತೆ, ಆಮೇಲೆ ನಗು ನಿಂತಿತಂತೆ. ನಾನು ಸೆರಗು ಬಿಚ್ಚಿ ವಿಷಯ ಹೇಳಿದೆ. ಅವರು ತಮ್ಮ ಮನೆಗೆ ಹೋಗಿ, ಬಯಲಲ್ಲಿ ಕುರಿ ಕೂಡಿಹಾಕಲು ಸುತ್ತ ಕಟ್ಟುವ ಬಲೆಯ ದಪ್ಪ ಹಗ್ಗದ ಒಂದು ಸುರುಳಿ ತಂದರು.

"ಗ್ವಾಡಿಗೆ ಮೊಳಿ ಹೊಡೀರಿ. ಮಂಚದಿಂದ ಬಚ್ಚಲತನಕ ಇದನ್ನ ಕಟ್ಟೂಣು. ನಿಮ್ಮ ಅತ್ತಿ ಹಿಡ್ಕೊಂಡು ಹೋಗಲಿ. ತಿರುವು ಬಂದಲ್ಲಿ ಒಂದು ಗಂಟು ಹಾಕ್ರಿ, ಕೈಗೆ ತಿಳೀತೈತಿ."

ಇಬ್ಬರೂ ಸೇರಿ ಕಟ್ಟಿದೆವು. ತಲೆಗೆ ತಾಗುವ ಹಲಗೆಯನ್ನು ಅಜ್ಜಿ ತಾವೇ ಮುಂದೆ ನಿಂತು ತೆಗೆಸಿದರು. ಕೆಲಸ ಮಾಡುತ್ತ ತಮ್ಮ ಕಥೆ ಹೇಳಿದರು. ಮದುವೆಯಾದ ಮೇಲೆ ಎಷ್ಟು ಕಡೆ ಒಲೆ ಹೂಡಿದರೋ ಲೆಕ್ಕವಿಲ್ಲವಂತೆ. ಒಂದು ಹೆರಿಗೆಯೂ ಬಯಲಲ್ಲೇ ಆಯಿತಂತೆ. "ಹೋದ ಕೂಡ್ಲೆ ಮೂರು ಕಲ್ಲಿಟ್ಟು ಒಲಿ ಹಚ್ಚೂದು. ಹೊಗಿ ಎದ್ದಿತು ಅಂದ್ರ ಅದು ಮನಿ," ಎಂದರು.

ಆಮೇಲೆ ಮೂರು ರಜಾದಿನ ಅತ್ತೆಯನ್ನು ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಕರೆತಂದೆ. ಮೊದಲ ಸಲ ಅವರು ಹಗ್ಗ ಮುಟ್ಟಲಿಲ್ಲ. ಅಜ್ಜಿ ತಂದಿಟ್ಟ ಕುರ್ಚಿಯಲ್ಲಿ ಕೂತು, "ತಗಡು ಕಾದೈತಿ" ಎಂದಷ್ಟೇ ಅಂದರು. ಎರಡನೇ ಸಲ, ನಾನು ಕಣ್ಣು ಕಟ್ಟಿಕೊಂಡು ಬಿದ್ದದ್ದನ್ನು ಅಜ್ಜಿ ಅವರಿಗೆ ಹೇಳಿಬಿಟ್ಟರು. ಅತ್ತೆ ನನ್ನನ್ನು ಹತ್ತಿರ ಕರೆದು ಹಣೆಯ ಬುಗುಟು ಸವರಿ ನೋಡಿದರು. ಆಮೇಲೆ ಎದ್ದು ಹಗ್ಗ ಹಿಡಿದರು. ಮೂರನೇ ಸಲ ಒಂದೊಂದು ಗಂಟಿಗೂ ನಿಂತು, ಇಲ್ಲಿ ಬಾಗಿಲು, ಇಲ್ಲಿ ಹೊಸ್ತಿಲು, ಇಲ್ಲಿ ನೀರಿನ ಹಂಡೆಯ ಜಾಗ ಎಂದು ಪಾಠ ಒಪ್ಪಿಸಿದರು.

ಮನೆ ಬಿಡುವ ದಿನ ಬಂತು. ಟೆಂಪೋಗೆ ಸಾಮಾನೆಲ್ಲ ಏರಿಸಿ, ಕೊನೆಗೆ ಅತ್ತೆಯನ್ನು ಕರೆಯಲು ಹೋದರೆ ಅವರು ಖಾಲಿ ಕೋಣೆಯ ಗೋಡೆಗೆ ಅಂಗೈ ಇಟ್ಟು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋದ ಮೇಲೆ ಮಾತು ಕೇಳಿಸಿತು.

"ಇಲ್ಲಿ ಅವ್ರ ಮಂಚ ಇತ್ತು. ಸಮಾಧಾನದಿಂದ ಕರಕೊಂಡಿ. ನಿನಗ ಸ್ತೋತ್ರ."

ಮುಂದಕ್ಕೆ ಸರಿದು ಇನ್ನೊಂದು ಕಡೆ ಕೈ ಇಟ್ಟರು. "ಇಲ್ಲಿ ಮೊಮ್ಮಗಳ ತೊಟ್ಟಿಲ ಕಟ್ಟಿದ್ದಿವಿ. ಆಕಿನ್ನ ದೂರದ ಊರಾಗೂ ಚಂದ ಇಟ್ಟೀದಿ. ನಿನಗ ಸ್ತೋತ್ರ." ಆಮೇಲೆ ಒಲೆಯ ಮೂಲೆ. "ಗಿರಣಿ ಮುಚ್ಚಿದ ಮ್ಯಾಲೂ ಇಲ್ಲಿ ಒಲಿ ಆರಲಿಲ್ಲ. ನಿನಗ ಸ್ತೋತ್ರ."

ಹೀಗೆ ಒಂದೂ ಗೋಡೆ ಬಿಡದೆ ಸುತ್ತಿದರು. ಹೊರಗೆ ಟೆಂಪೋದವನು ಹಾರ್ನ್ ಒತ್ತತೊಡಗಿದ. ನನ್ನ ಗಂಡ "ಅವ್ವಾ, ಹೊತ್ತಾತು" ಎಂದು ಬಾಗಿಲಿಗೆ ಬಂದವರು, ನಾನು ಕೈ ಅಡ್ಡ ಹಿಡಿದದ್ದು ನೋಡಿ ನಿಂತರು. ನಾನೇ ಹೋಗಿ ಟೆಂಪೋದವನಿಗೆ, ನಿನ್ನ ಇನ್ನೊಂದು ಟ್ರಿಪ್ ತಪ್ಪಿದರೂ ಸರಿ, ಹಾರ್ನ್ ಮಾತ್ರ ಒತ್ತಬೇಡಪ್ಪ ಎಂದೆ. ಅವನು ಇಣುಕಿ ನೋಡಿ ಎಂಜಿನ್ ಬಂದ್ ಮಾಡಿದ.

ಒಂದು ತಾಸಿನ ಮೇಲೆ ಅತ್ತೆ ತಾವಾಗಿಯೇ ಹೊಸ್ತಿಲು ದಾಟಿದರು. "ನಡೀರಿ," ಎಂದರು. ದಾರಿಯುದ್ದಕ್ಕೂ ಅಳಲಿಲ್ಲ.

ಎಲ್ಲವೂ ಅಲ್ಲಿಗೆ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊಸ ಮನೆಗೆ ಬಂದ ಎರಡನೇ ವಾರ ಅತ್ತೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಮುಂಗೈ ಬಾತುಕೊಂಡಿತು. ಮುರಿದಿಲ್ಲ ಎಂದು ಡಾಕ್ಟರು ಪಟ್ಟಿ ಸುತ್ತಿ ಕಳಿಸಿದರು. ಆದರೆ ಅವರ ಮನಸ್ಸು ಕುಸಿಯಿತು. ಮೂರು ದಿನ ಹಗ್ಗ ಮುಟ್ಟಲಿಲ್ಲ. ನಾಲ್ಕನೇ ದಿನ ನನ್ನ ಕೈ ಹಿಡಿದು, "ನನ್ನ ಚಾಳಕ್ಕ ಬಿಟ್ಟು ಬಾ ತಂಗಿ. ಅಲ್ಲೆ ಒಬ್ಬಾಕಿನ ಇರ್ತೀನಿ" ಎಂದರು.

ಚಾಳು ಅಷ್ಟೊತ್ತಿಗೆ ಇರಲಿಲ್ಲ. ನನ್ನ ಗಂಡ ಕಾರಖಾನೆಗೆ ಹೋಗುತ್ತ ನೋಡಿಕೊಂಡು ಬಂದಿದ್ದರು. ಅಂಗಳದ ಬೇವಿನ ಮರ ಒಂದು ಬಿಟ್ಟು ಎಲ್ಲ ಮಣ್ಣಿನ ಗುಡ್ಡೆ. ಅವ್ವನಿಗೆ ಹೇಳಬೇಡ ಎಂದು ನನಗೆ ಹೇಳಿದ್ದರು. ಆದರೆ ಈ ಮನೆಯನ್ನು ನಿಜ ಹೇಳಿ ಪಡೆದವಳು ನಾನು. ಅದರೊಳಗೆ ಕೂತು ಅತ್ತೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಚಾಳ ಇಲ್ಲ ಅತ್ತಿ. ಕೆಡವ್ಯಾರ. ನಿಮ್ಮ ಗ್ವಾಡಿ ಈಗ ಇಲ್ಲ."

ಅತ್ತೆ ಆಗ ಅತ್ತರು. ಮಾವ ತೀರಿಕೊಂಡಾಗ ಅತ್ತಿದ್ದಷ್ಟು ಅತ್ತರು. ನಾನು ಸಮಾಧಾನದ ಮಾತು ಹೇಳಲಿಲ್ಲ, ಯಾರ ಕಥೆಯನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಇಂದು ಯಾ ವಾರ?"

"ಶುಕ್ರವಾರ."

"ಚಾಪಿ ಹಾಸು."

ಸೊಲ್ಲಾಪುರದಿಂದ ಯಾರೂ ಬರುವಂತಿರಲಿಲ್ಲ. ಮೂವರೇ ಕೂತೆವು. ಅತ್ತೆಯೇ ಹಾಡು ಎತ್ತಿದರು. ಎರಡನೇ ಚರಣಕ್ಕೆ ಅಜ್ಜಿ ಬಂದು ಹೊಸ್ತಿಲ ಹೊರಗೆ ಕೂತರು. ಅವರು ನಮ್ಮ ದೇವರನ್ನು ಬೇಡಲಿಲ್ಲ, ನಾವೂ ಬೇಡಿ ಎನ್ನಲಿಲ್ಲ. ಆದರೆ ಅವತ್ತಿನಿಂದ ಪ್ರತಿ ಶುಕ್ರವಾರ ಅವರು ಅಲ್ಲಿ ಕೂರುವುದು ರೂಢಿಯಾಯಿತು. ಆ ಮರುದಿನ ಬೆಳಿಗ್ಗೆ ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ನಡೆದರು. ನಾನು ಹಿಂದೆ ಹೋದರೆ, "ಸಾಲಿಗೆ ಹೊತ್ತಾತು, ನೀ ಹೋಗು" ಎಂದು ಗದರಿದರು.

ಮಳೆಗಾಲಕ್ಕೆ ಕುರಿಗಳು ಬಂದವು. ಅಷ್ಟರಲ್ಲಿ ಅಕ್ಕಲಕೋಟದಲ್ಲೇ ಇದ್ದ ನಾಲ್ಕು ಕ್ರೈಸ್ತ ಮನೆಯವರು ನಮ್ಮ ಪ್ರಾರ್ಥನೆಗೆ ಸೇರಿದ್ದರು. ಒಂದು ಶುಕ್ರವಾರ ಎಲ್ಲರೂ ಕಣ್ಣು ಮುಚ್ಚಿದ್ದಾಗ ಒಂದು ಮರಿ ಬಾಗಿಲಿಗೇ ಬಂದು ಜೋರಾಗಿ ಒದರಿತು. ಅಜ್ಜಿ ಗಾಬರಿಯಾಗಿ ಎದ್ದು ಅಟ್ಟಲು ಹೋದರು.

"ಇರ್ಲಿ ಬಿಡವ್ವ," ಎಂದರು ಅತ್ತೆ ನಗುತ್ತ. "ನಮ್ಮ ಸ್ವಾಮಿ ಕೊಟ್ಟಿಗ್ಯಾಗ ಹುಟ್ಟಿದಾಗ ಮೊದಲ ಇದ ಸಪ್ಪಳ ಕೇಳಿದ್ನೋ ಏನೋ. ಅವನೂ ಮನಿ ಬಿಟ್ಟು ಬಂದ ತಾಯಿ ಹೊಟ್ಟ್ಯಾಗ ಹುಟ್ಟಿದಾವ."

ಈ ಮಾತನ್ನು ನಾನು ಎಷ್ಟೋ ಕ್ರಿಸ್‌ಮಸ್ಸಿಗೆ ಪಾಸ್ಟರ ಬಾಯಲ್ಲಿ ಕೇಳಿದ್ದೆ. ಆದರೆ ಮಂಚ, ಟ್ರಂಕು, ಹಂಡೆ ಹೊತ್ತು, ಒಪ್ಪದ ಬಾಗಿಲುಗಳ ಮುಂದೆ ನಿಂತು ಬಂದ ಮೇಲೆ ಅದು ಬೇರೆಯಾಗಿಯೇ ಕೇಳಿಸಿತು. ಜಾಗ ಹುಡುಕುತ್ತ ಅಲೆದವರ ಪಾಡು ದೇವರಿಗೆ ಬರೀ ಕೇಳಿ ಗೊತ್ತಿರುವುದಲ್ಲ, ತಾನೇ ಅನುಭವಿಸಿ ಗೊತ್ತಿರುವುದು. ಮನೆ ಬದಲಿಸಿದ್ದರಿಂದ ನನಗೆ ಸಿಕ್ಕ ವಿಶ್ವಾಸ ಇಷ್ಟೇ, ಇದಕ್ಕಿಂತ ದೊಡ್ಡದು ಹೇಳಲು ಬಾರದು.

ಹೋದ ತಿಂಗಳು ಪ್ರಾರ್ಥನೆಗೆ ಬರುವ ಒಬ್ಬ ಹೆಣ್ಣುಮಗಳು ಮನೆ ಬಿಡಬೇಕಾಗಿ ಬಂತು. ಗಂಡ ಊರಲ್ಲಿಲ್ಲ, ಮಡಿಲಲ್ಲಿ ಎಳೆಗೂಸು. ಸುದ್ದಿ ಕೇಳಿದ್ದೇ ಅತ್ತೆ, "ಸೋಮವಾರ ರಜಾ ಹಾಕು" ಎಂದರು. ಹಾಕಿದೆ. ಹೊರಡುವಾಗ ನೋಡಿದರೆ ಅವರೂ ಸೀರೆ ಬದಲಿಸಿ, ಕೋಲು ಹಿಡಿದು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು.

"ನೀವು ಅಲ್ಲಿ ಬಂದು ಏನ ಮಾಡ್ತೀರಿ ಅತ್ತಿ?"

"ಭಾಂಡಿ ಸುತ್ತಾಕ ಕಣ್ಣ ಯಾಕ ಬೇಕು?"

ಆಟೋದಲ್ಲಿ ಕರೆದುಕೊಂಡು ಹೋದೆ. ಇಡೀ ದಿನ ನೆಲದ ಮೇಲೆ ಕೂತು, ಒಂದೊಂದೇ ಪಾತ್ರೆಯನ್ನು ತಡವಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಒಂದು ಕಪ್ಪು-ಬಸಿಯೂ ಒಡೆಯಲಿಲ್ಲ. ಆ ಹೆಣ್ಣುಮಗಳು ಅಳಲು ಶುರುಮಾಡಿದಾಗ ಕೂಸನ್ನು ಇಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡರು, "ಅತ್ತು ಮುಗಸು, ಆಮ್ಯಾಲೆ ಹಾಸಿಗಿ ಕಟ್ಟೂಣು" ಎಂದರು. ಹೊಸ ಮನೆಗೆ ಸಾಮಾನು ಇಳಿಸುವಷ್ಟರಲ್ಲಿ ಸಂಜೆಯಾಗಿತ್ತು. ನಾನು ಸ್ಟೋವ್ ಜೋಡಿಸಿ ಚಹಾಕ್ಕೆ ನೀರಿಟ್ಟೆ. ಅತ್ತೆ ಕೂಸನ್ನು ಭುಜಕ್ಕೆ ಹಾಕಿಕೊಂಡು, ಒಂದು ಕೈಯಿಂದ ಅಲ್ಲಿಯ ಗೋಡೆ ಸವರುತ್ತ, ಮೊದಲನೇ ಸುತ್ತು ನಡೆಯತೊಡಗಿದ್ದರು.